ಎಲ್ಲರ ಕೈಯಲ್ಲೂ ಅದೇ ಫೈರ್‌ಬಾಲ್

ಜಯನಗರದಲ್ಲಿ ಒಂದು ಭಾನುವಾರ ಬೆಳಗ್ಗೆ, ಟೇಬಲ್‌ಟಾಪ್ ಆಟ ಆಡುವ ಗೆಳೆಯರ ಮುಂದೆ ಮಾತಾಡಿದ್ದನ್ನು ಇಲ್ಲಿ ಬರೆದಿದ್ದೇನೆ. ಮಾತಿನ ಧಾಟಿ ಹಾಗೇ ಇದೆ. ಮೈಕ್ ಕೈಕೊಟ್ಟಾಗಿನ ಹರಟೆ ಮಾತ್ರ ತೆಗೆದಿದ್ದೇನೆ.

ಎಲ್ಲರಿಗೂ ನಮಸ್ಕಾರ. ಮೊದಲು ಒಂದು ಲೆಕ್ಕ ನೋಡೋಣ. ಡಂಜನ್ಸ್ ಅಂಡ್ ಡ್ರಾಗನ್ಸ್, ಅಂದರೆ ಡಿ ಅಂಡ್ ಡಿ ಅನ್ನುವ ಆಟದ ಐದನೇ ಆವೃತ್ತಿ ತಗೊಳ್ಳಿ, 2014ರಲ್ಲಿ ಬಂದದ್ದು. ನಾಲ್ಕು ಜನರ ಪಾರ್ಟಿ, ಅಂದರೆ ಜೊತೆಗೆ ಆಡುವ ತಂಡ. ಒಬ್ಬರು ವಿಝಾರ್ಡ್, ಒಬ್ಬರು ಸಾರ್ಸರರ್, ಒಬ್ಬರು ಫೀಂಡ್ ಜೊತೆ ಒಪ್ಪಂದ ಮಾಡಿಕೊಂಡ ವಾರ್ಲಾಕ್, ಇನ್ನೊಬ್ಬರು ಲೈಟ್ ಡೊಮೇನ್‌ನ ಕ್ಲೆರಿಕ್. ಎಲ್ಲರೂ ಐದನೇ ಲೆವೆಲ್. ಈಗ ನಾಲ್ಕೂ ಕ್ಯಾರೆಕ್ಟರ್ ಶೀಟ್, ಪಾತ್ರದ ವಿವರ ಬರೆದ ಹಾಳೆಗಳನ್ನು, ಪಕ್ಕ ಪಕ್ಕ ಇಡಿ. ನಾಲ್ವರ ಹತ್ತಿರವೂ ಫೈರ್‌ಬಾಲ್ ಅನ್ನುವ ಬೆಂಕಿ ಉಂಡೆಯ ಮಂತ್ರ ಇರಬಹುದು. ನಾಲ್ವರಿಗೂ ಮೂರನೇ ಲೆವೆಲ್ಲಿನ ಸ್ಲಾಟ್, ಅಂದರೆ ಮಂತ್ರ ಹಾಕುವ ಅವಕಾಶ, ಎರಡೆರಡು. ಯಾರು ಎಸೆದರೂ ಅದೇ 8 ದಾಳ, ಅದೇ 150 ಅಡಿ ದೂರ, ಬಿದ್ದ ಜಾಗದ ಸುತ್ತ ಅದೇ 20 ಅಡಿ ಬೂದಿ. ಒಬ್ಬರು ವರ್ಷಗಟ್ಟಲೆ ಓದಿ ಕಲಿತವರು, ಒಬ್ಬರಿಗೆ ರಕ್ತದಲ್ಲೇ ಬಂದದ್ದು, ಒಬ್ಬರು ಪಿಶಾಚಿ ಹತ್ತಿರ ಸಾಲ ಮಾಡಿದವರು, ಒಬ್ಬರಿಗೆ ದೇವರೇ ಕೊಟ್ಟದ್ದು. ಕಥೆ ನಾಲ್ಕು. ಬೆಂಕಿ ಒಂದೇ.

ಮೊದಲ ಸಲ ಬಂದವರಿಗೆ ಎರಡು ಮಾತು. ಇದು ಮೇಜಿನ ಸುತ್ತ ಕೂತು ಆಡುವ ಆಟ. ಒಬ್ಬರು ಡಿಎಂ, ಕಥೆ ನಡೆಸುವವರು. ಉಳಿದವರು ಒಬ್ಬೊಬ್ಬರು ಒಂದೊಂದು ಪಾತ್ರ. ಪಾತ್ರ ಏನು ಮಾಡಬಲ್ಲದು ಅನ್ನುವುದನ್ನು ಅದರ ಕ್ಲಾಸ್ ಹೇಳುತ್ತದೆ, ಅಂದುಕೊಂಡದ್ದು ಆಗುತ್ತದೋ ಇಲ್ಲವೋ ಅನ್ನುವುದನ್ನು ದಾಳ ಹೇಳುತ್ತದೆ. ಮಂತ್ರ ಹಾಕುವ ಕ್ಲಾಸುಗಳು ಸುಮಾರು ಇವೆ, ಅವುಗಳಲ್ಲಿ ಒಂದಕ್ಕೂ ಇನ್ನೊಂದಕ್ಕೂ ನಿಜವಾಗಿ ಏನು ವ್ಯತ್ಯಾಸ ಅನ್ನುವುದೇ ಇವತ್ತಿನ ವಿಷಯ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಮಂತ್ರಗಾರನ ಗುರುತು ಅವನ ಮಂತ್ರಗಳ ಪಟ್ಟಿಯಿಂದ ಬರುವುದಿಲ್ಲ. ಮಂತ್ರ ಹಾಕಿದಾಗ ಅವನು ಏನು ಕಳೆದುಕೊಳ್ಳುತ್ತಾನೆ, ತಲೆಕೆಳಗಾಗಿ ನಿಂತರೂ ಯಾವುದನ್ನು ಮಾಡಲಾರ ಅನ್ನುವುದರಿಂದ ಬರುತ್ತದೆ. ಅದು ಪಾತ್ರದ ಹಿನ್ನೆಲೆ ಕಥೆಯಲ್ಲಿ ಇದ್ದರೆ ಸಾಲದು, ನಿಯಮದಲ್ಲೇ ಇರಬೇಕು. ಒಪ್ಪದವರು ಇಲ್ಲಿ ಇದ್ದೀರಿ ಅಂತ ಗೊತ್ತು, ನಿಮ್ಮ ಹತ್ತಿರ ಆಮೇಲೆ ಬರುತ್ತೇನೆ.

ಇದು ನಮಗೇನೂ ಹೊಸದಲ್ಲ. ಮಹಾಭಾರತದ ಅಸ್ತ್ರಗಳನ್ನೇ ನೋಡಿ. ಅಸ್ತ್ರ ಅಂದರೆ ಮಂತ್ರವೇ ತಾನೇ, ಜಪಿಸಿ ಬಿಡುವುದು. ಬ್ರಹ್ಮಾಸ್ತ್ರ ಒಬ್ಬರ ಹತ್ತಿರ ಇದ್ದದ್ದಲ್ಲ, ಸುಮಾರು ಜನರಿಗೆ ಗೊತ್ತಿತ್ತು. ಪಟ್ಟಿ ಮಾತ್ರ ನೋಡಿದರೆ ಎಲ್ಲರೂ ಒಂದೇ. ಆದರೆ ಕೊನೆಯಲ್ಲಿ ಅರ್ಜುನನೂ ಅಶ್ವತ್ಥಾಮನೂ ಎದುರುಬದುರು ಅಸ್ತ್ರ ಬಿಟ್ಟಾಗ ಏನಾಯಿತು? ಹಿಂದಕ್ಕೆ ತಗೊಳ್ಳಿ ಅಂದಾಗ ಅರ್ಜುನ ತಗೊಂಡ. ಅಶ್ವತ್ಥಾಮನಿಗೆ ಬಿಡುವುದು ಗೊತ್ತಿತ್ತು, ವಾಪಸ್ ಕರೆಯುವುದು ಗೊತ್ತಿರಲಿಲ್ಲ. ಒಂದೇ ಮಂತ್ರ, ಇಬ್ಬರು ಬೇರೆ ಬೇರೆ ಮನುಷ್ಯರು. ಆ ವ್ಯತ್ಯಾಸ ಹೇಳೋಕೆ ಹಿನ್ನೆಲೆ ಕಥೆ ಬೇಕಾಗಲೇ ಇಲ್ಲ, ಮಂತ್ರ ನಡೆದ ರೀತಿಯೇ ಹೇಳಿತು.

ಇನ್ನು ಕರ್ಣ. ಗೇಮ್ ಡಿಸೈನ್ ಕಲಿಯಬೇಕು ಅಂದರೆ ಕರ್ಣನ ಕ್ಯಾರೆಕ್ಟರ್ ಶೀಟ್ ಬರೆದು ನೋಡಿ ಅಂತ ನಾನು ಯಾವಾಗಲೂ ಹೇಳುತ್ತೇನೆ. ಇಂದ್ರ ಕೊಟ್ಟ ಶಕ್ತ್ಯಾಯುಧ ಇದೆ, ಆದರೆ ಒಂದೇ ಸಲ. ಅರ್ಜುನನಿಗೆ ಅಂತ ಎತ್ತಿಟ್ಟದ್ದು ಘಟೋತ್ಕಚನ ಮೇಲೆ ಖರ್ಚಾಗುತ್ತದೆ. ಕವಚ ಕುಂಡಲ ಕೊಟ್ಟು ಅದನ್ನು ತಗೊಂಡಿದ್ದ, ಅಂದರೆ ರಕ್ಷಣೆ ಮಾರಿ ಆಯುಧ ಕೊಂಡ. ಪರಶುರಾಮರ ಶಾಪ ಬೇರೆ, ಬೇಕಾದ ಹೊತ್ತಿಗೇ ಮಂತ್ರ ಮರೆತುಹೋಗುತ್ತದೆ. ಅದರ ಮೇಲೆ ಅವನೇ ಹಾಕಿಕೊಂಡ ಕಟ್ಟು, ತೊಟ್ಟ ಬಾಣ ಮತ್ತೆ ತೊಡುವುದಿಲ್ಲ ಅಂತ. ಸರ್ಪಾಸ್ತ್ರ ತಪ್ಪಿದ ಮೇಲೂ ಮಾತು ಮುರಿಯಲಿಲ್ಲ. ಯಕ್ಷಗಾನದಲ್ಲಿ ಈ ಜಾಗ ಬಂದಾಗ ಜನ ಸುಮ್ನೆ ಕೂತು ನೋಡುತ್ತಾರಲ್ಲ, ಅವನ ಹತ್ತಿರ ಏನೇನು ಅಸ್ತ್ರ ಇತ್ತು ಅಂತ ಯಾರೂ ಎಣಿಸುತ್ತಿರುವುದಿಲ್ಲ. ಅವನ ಕೈ ಎಲ್ಲೆಲ್ಲಿ ಕಟ್ಟಿದೆ ಅಂತ ನೋಡುತ್ತಿರುತ್ತಾರೆ.

ಈಗ ಆಟದ ಕಡೆ ಬರೋಣ.

1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನಸನ್ ಮಾಡಿದ ಮೊದಲ ಡಿ ಅಂಡ್ ಡಿಯಲ್ಲಿ ಕ್ಲಾಸುಗಳು ಮೂರೇ. ಕಾದಾಡುವವನು, ಕ್ಲೆರಿಕ್, ಮ್ಯಾಜಿಕ್ ಯೂಸರ್. ಮೊದಲನೇ ಲೆವೆಲ್ಲಿನ ಮ್ಯಾಜಿಕ್ ಯೂಸರ್‌ಗೆ ದಿನಕ್ಕೆ ಒಂದು ಮಂತ್ರ. ಒಂದೇ ಒಂದು. ಬೆಳಗ್ಗೆ ಓದಿ ತಲೆಯಲ್ಲಿ ಇಟ್ಟುಕೊಳ್ಳಬೇಕು, ಹಾಕಿದ ಕೂಡಲೇ ತಲೆಯಿಂದ ಅಳಿಸಿಹೋಗುತ್ತದೆ. ಈ ಮರೆವಿನ ಲೆಕ್ಕವನ್ನು ಜಾಕ್ ವ್ಯಾನ್ಸ್ ಎನ್ನುವ ಲೇಖಕನ ಕಥೆಗಳಿಂದ ತಗೊಂಡದ್ದು, ಅದಕ್ಕೇ ಇವತ್ತಿಗೂ ಆಟಗಾರರು ಅದನ್ನು ವ್ಯಾನ್ಸಿಯನ್ ಅನ್ನುತ್ತಾರೆ. ಮಂತ್ರ ಮುಗಿದ ಮೇಲೆ ಅವನ ಹತ್ತಿರ ಉಳಿಯುವುದು ಒಂದು ಚಾಕು ಮತ್ತು ಓಡೋಕೆ ಎರಡು ಕಾಲು.

ಆಗ ಮ್ಯಾಜಿಕ್ ಯೂಸರ್‌ನಲ್ಲಿ ಹೆಚ್ಚು ಬಗೆಗಳಿರಲಿಲ್ಲ, ಹಾಗಾದರೆ ಎಲ್ಲರೂ ಒಂದೇ ಥರ ಇದ್ದರು ಅಂದುಕೊಳ್ಳುತ್ತೀರಿ ಅಲ್ವಾ? ತಮಾಷೆ ಅಂದರೆ ಹಾಗಾಗಲಿಲ್ಲ. 1978ರ ಎಡಿ ಅಂಡ್ ಡಿ, ಅಂದರೆ ಅಡ್ವಾನ್ಸ್ಡ್ ಡಿ ಅಂಡ್ ಡಿ ಪುಸ್ತಕದಲ್ಲಿ ನಿಮಗೆ ಬೇಕಾದ ಮಂತ್ರ ಆರಿಸಿಕೊಳ್ಳುವ ಹಾಗೇ ಇಲ್ಲ. ಬುದ್ಧಿಯ ಅಂಕ ನೋಡಿ, ಒಂದೊಂದು ಮಂತ್ರಕ್ಕೂ ದಾಳ ಹಾಕಿ, ಇದು ನಿನಗೆ ಅರ್ಥವಾಯಿತೋ ಇಲ್ಲವೋ ಅಂತ ತೀರ್ಮಾನ. ಶುರುವಿನ ಮಂತ್ರಗಳನ್ನೂ ದಾಳ ಹಾಕಿಯೇ ಕೊಡುವ ಪದ್ಧತಿ, ಹೊಡೆಯೋಕೆ ಒಂದು, ತಡೆಯೋಕೆ ಒಂದು, ಇತರೆ ಒಂದು. ಒಬ್ಬನಿಗೆ ಸ್ಲೀಪ್ ಸಿಕ್ಕಿದರೆ ಇನ್ನೊಬ್ಬನಿಗೆ ಪುಶ್. ಸ್ಲೀಪ್ ಸಿಕ್ಕವನು ಒಂದು ಗುಂಪು ಗಾಬ್ಲಿನ್‌ಗಳನ್ನು ಮಲಗಿಸುತ್ತಾನೆ, ಪುಶ್ ಸಿಕ್ಕವನು ತಳ್ಳುತ್ತಾನೆ, ಅಷ್ಟೇ. ಅನ್ಯಾಯ ನಿಜ. ಆದರೆ ಪುಶ್ ಸಿಕ್ಕವನು ಪ್ರತಿ ಕೋಣೆಗೆ ಹೋದಾಗಲೂ ಇಲ್ಲಿ ಎಲ್ಲಿ ಗುಂಡಿ ಇದೆ, ಎಲ್ಲಿ ಮೆಟ್ಟಿಲು ಇದೆ ಅಂತ ಹುಡುಕುತ್ತಾನೆ. ಅವನ ಆಟದ ರೀತಿಯೇ ಬೇರೆಯಾಗುತ್ತದೆ. ಹಳೇ ಆಟಗಳ ಪುಸ್ತಕ ಹಿಡಿದು ಆಡುವ ನಮ್ಮ ಊರಿನ ಹುಡುಗರು ಇದನ್ನು ನನಗಿಂತ ಚೆನ್ನಾಗಿ ಹೇಳುತ್ತಾರೆ.

1989ರ ಎರಡನೇ ಆವೃತ್ತಿ ಸ್ಪೆಷಲಿಸ್ಟ್ ವಿಝಾರ್ಡ್‌ಗಳನ್ನು ಮುಂದೆ ತಂದಿತು. ಮಂತ್ರಗಳನ್ನು ಎಂಟು ಸ್ಕೂಲ್‌ಗಳಾಗಿ ಹಂಚಿ, ಒಂದನ್ನು ಹಿಡಿದರೆ ಅದರಲ್ಲಿ ಒಂದು ಮಂತ್ರ ಜಾಸ್ತಿ, ಅದಕ್ಕೆ ಬದಲಾಗಿ ಎದುರಿನ ಸ್ಕೂಲ್‌ಗಳ ಬಾಗಿಲು ಮುಚ್ಚಿತು. ನನಗೆ ಈ ವ್ಯಾಪಾರ ಇಷ್ಟ. ಏನು ಬಿಟ್ಟುಕೊಟ್ಟೆ ಅನ್ನುವುದೂ ನನ್ನ ಪಾತ್ರದ ಭಾಗವಾಯಿತು. ಐದನೇ ಆವೃತ್ತಿಯಲ್ಲಿ ಈ ಬಿಟ್ಟುಕೊಡುವುದನ್ನೇ ತೆಗೆದುಹಾಕಿದರು. ಅಲ್ಲಿ ಸಾವಿನ ಮಂತ್ರದ ನೆಕ್ರೋಮ್ಯಾನ್ಸರ್‌ಗೂ ಕಣ್ಕಟ್ಟಿನ ಇಲ್ಯೂಷನಿಸ್ಟ್‌ಗೂ ಇಡೀ ವಿಝಾರ್ಡ್ ಪಟ್ಟಿ ತೆರೆದಿರುತ್ತದೆ, ಹಾಗಾಗಿ ಇಬ್ಬರೂ ಶೀಲ್ಡ್, ಮಿಸ್ಟಿ ಸ್ಟೆಪ್, ಕೌಂಟರ್‌ಸ್ಪೆಲ್ ಅಂತ ಅದದೇ ಬರೆದುಕೊಳ್ಳುತ್ತಾರೆ. ಯಾರು ಬರೆದುಕೊಳ್ಳುವುದಿಲ್ಲ ಹೇಳಿ.

2000ದಲ್ಲಿ ಮೂರನೇ ಆವೃತ್ತಿ ಬಂತು, ಅದರ ಜೊತೆ ಸಾರ್ಸರರ್. ಈ ಕ್ಲಾಸಿನ ಟೇಬಲ್ ಅನ್ನು ಒಂದು ಸಲ ಹತ್ತಿರದಿಂದ ನೋಡಬೇಕು. ಒಂದರಿಂದ ಇಪ್ಪತ್ತರವರೆಗೆ ಲೆವೆಲ್‌ಗಳು, ಪಕ್ಕದಲ್ಲಿ ಆ ಲೆವೆಲ್‌ನಲ್ಲಿ ಸಿಗುವ ವಿಶೇಷ ಶಕ್ತಿಯ ಕಾಲಂ. ಮೊದಲನೇ ಸಾಲಿನಲ್ಲಿ ‘ಫೆಮಿಲಿಯರ್ ಕರೆಯುವುದು’ ಅಂತ ಇದೆ, ಅಂದರೆ ಜೊತೆಗೊಂದು ಪ್ರಾಣಿ. ಅದಾದ ಮೇಲೆ ಹತ್ತೊಂಬತ್ತು ಸಾಲು ಖಾಲಿ. ಪೂರ್ತಿ ಖಾಲಿ! ಮಂತ್ರಗಳ ಪಟ್ಟಿಯೂ ವಿಝಾರ್ಡ್‌ದೇ. ವ್ಯತ್ಯಾಸ ಇದ್ದದ್ದು ಒಂದರಲ್ಲಿ. ವಿಝಾರ್ಡ್ ಬೆಳಗ್ಗೆಯೇ ಇವತ್ತು ಯಾವ ಮಂತ್ರ ಎಷ್ಟು ಸಲ ಅಂತ ತೀರ್ಮಾನಿಸಬೇಕು. ಸಾರ್ಸರರ್‌ಗೆ ಗೊತ್ತಿರುವುದು ಕಡಿಮೆ, ಆದರೆ ಗೊತ್ತಿರುವುದರಲ್ಲಿ ಯಾವುದನ್ನು ಬೇಕಾದರೂ, ದಿನದ ಸ್ಲಾಟ್ ಮುಗಿಯುವವರೆಗೆ, ಬೇಕೆಂದಾಗ ಹಾಕಬಹುದು. ಒಂದೇ ಪಟ್ಟಿ ಇಟ್ಟುಕೊಂಡು, ಮಂತ್ರ ಹಾಕುವ ಕ್ರಮ ಮಾತ್ರ ಬದಲಾಯಿಸಿ, ಇನ್ನೊಂದು ಕ್ಲಾಸ್ ಮಾಡಿದರು. ಆಗ ಅದು ಕೆಲಸ ಮಾಡಿತು. ಮೇಜಿನಲ್ಲಿ ಇಬ್ಬರನ್ನೂ ನೋಡಿದರೆ ಗೊತ್ತಾಗುತ್ತಿತ್ತು, ಒಬ್ಬರು ಆಟ ಶುರುವಾಗುವ ಮೊದಲೇ ಅರ್ಧ ಗಂಟೆ ಪೇಪರ್ ಹಿಡಿದು ಕೂರುತ್ತಿದ್ದರು, ಇನ್ನೊಬ್ಬರು ಕಾಫಿ ಕುಡಿಯುತ್ತಾ ಆರಾಮಾಗಿ ಇರುತ್ತಿದ್ದರು.

ಮುಂದೆ 2014ರಲ್ಲಿ ಏನಾಯಿತು ನೋಡಿ. ವಿಝಾರ್ಡ್‌ಗೂ ಆ ಸಡಿಲ ಕೊಟ್ಟರು, ಸಿದ್ಧ ಮಾಡಿಕೊಂಡ ಮಂತ್ರಗಳಲ್ಲಿ ಯಾವುದನ್ನು ಬೇಕಾದರೂ ಅದರ ಲೆವೆಲ್‌ನ ಅಥವಾ ಅದಕ್ಕಿಂತ ಮೇಲಿನ ಯಾವ ಸ್ಲಾಟ್‌ನಿಂದ ಬೇಕಾದರೂ ಹಾಕಬಹುದು ಅಂತ. ಸಾರ್ಸರರ್‌ನ ಗುರುತು ಅಲ್ಲಿಗೆ ಹೋಯಿತು. ಅವನ ಬಡತನ ಮಾತ್ರ ಹಾಗೇ ಉಳಿಯಿತು. 20ನೇ ಲೆವೆಲ್‌ನಲ್ಲಿ ಸಾರ್ಸರರ್‌ಗೆ ಗೊತ್ತಿರುವ ಮಂತ್ರ 15. ವಿಝಾರ್ಡ್‌ನ ಪುಸ್ತಕದಲ್ಲಿ, ಎಲ್ಲೂ ನಕಲು ಮಾಡಿಕೊಳ್ಳದಿದ್ದರೂ, 44. ಬದಲಿಗೆ ಅಂತ ಕೊಟ್ಟದ್ದು ಮೆಟಾಮ್ಯಾಜಿಕ್, ಮಂತ್ರವನ್ನು ಬಗ್ಗಿಸುವ, ಎರಡಾಗಿಸುವ ಕಲೆ. ಅದರಲ್ಲಿ ಸಟಲ್ ಸ್ಪೆಲ್ ಅಂತ ಒಂದಿದೆ. ಬಾಯಿ ಅಲ್ಲಾಡಿಸದೆ, ಕೈ ಎತ್ತದೆ ಮಂತ್ರ ಹಾಕುವುದು. ರಾಜನ ಆಸ್ಥಾನದಲ್ಲಿ ನಿಂತು ಯಾರಿಗೂ ಗೊತ್ತಾಗದ ಹಾಗೆ ಮಂತ್ರಿಯ ಮನಸ್ಸು ತಿರುಗಿಸಬಹುದು. ವಿಝಾರ್ಡ್ ಎಷ್ಟೇ ಓದಿದರೂ ತನ್ನ ಕ್ಲಾಸ್‌ನಿಂದ ಇದು ಬರುವುದಿಲ್ಲ. ನನ್ನ ಕೇಳಿದರೆ ಇದೊಂದನ್ನೇ ಹಿಡಿದು ಇಡೀ ಕ್ಲಾಸ್ ಕಟ್ಟಬೇಕಿತ್ತು. ಅದನ್ನು ಎಂಟು ಆಯ್ಕೆಗಳಲ್ಲಿ ಒಂದು ಮಾಡಿ ಮೂಲೆಗೆ ಹಾಕಿದರು.

ವಾರ್ಲಾಕ್ ಮಾತ್ರ ಆ ಪುಸ್ತಕದ ಚಿನ್ನ. ಸ್ಲಾಟ್ ತುಂಬಾ ಕಡಿಮೆ, ಎರಡನೇ ಲೆವೆಲ್‌ನಿಂದ ಹತ್ತನೇ ಲೆವೆಲ್‌ವರೆಗೆ ಎರಡೇ. ಆದರೆ ಒಂದು ಗಂಟೆ ಕೂತು ದಣಿವಾರಿಸಿಕೊಂಡರೆ ವಾಪಸ್ ಬರುತ್ತವೆ, ಉಳಿದವರು ರಾತ್ರಿಯೆಲ್ಲ ಮಲಗಬೇಕು. ಹಾಗಾಗಿ ಪಾರ್ಟಿಯಲ್ಲಿ ಸದಾ ‘ಸ್ವಲ್ಪ ಕೂರೋಣ್ವಾ’ ಅಂತ ಕೇಳುವವರು ವಾರ್ಲಾಕ್. ಕ್ಲಾಸ್ ಆಟಗಾರನ ಬಾಯಿಗೆ ಒಂದು ಮಾತು ಹಾಕಿತು ಅಂದರೆ ಅದು ಒಳ್ಳೇ ಡಿಸೈನ್. ಅದರ ಮೇಲೆ ಇನ್ವೊಕೇಷನ್‌ಗಳು, ಚಿಕ್ಕ ಚಿಕ್ಕ ವರಗಳು, ಹಲವು ಎಷ್ಟು ಸಲ ಬೇಕಾದರೂ ಬಳಸಬಹುದಾದವು. ಒಬ್ಬರು ಪ್ರಾಣಿಗಳ ಜೊತೆ ಯಾವಾಗಲೂ ಮಾತಾಡಬಲ್ಲರು. ಇನ್ನೊಬ್ಬರು ಮಂತ್ರದ ಕತ್ತಲೆಯಲ್ಲೂ 120 ಅಡಿ ಕಾಣಬಲ್ಲರು. ನಮ್ಮ ಟೇಬಲ್‌ನ ಒಬ್ಬಳು ಮಾಸ್ಕ್ ಆಫ್ ಮೆನಿ ಫೇಸಸ್ ತಗೊಂಡಿದ್ದಳು, ಬೇಕೆಂದಾಗ ವೇಷ ಬದಲಾಯಿಸುವುದು, ಸ್ಲಾಟ್ ಖರ್ಚಿಲ್ಲ. ಆಮೇಲೆ ಅವಳು ಒಂದು ಬಾಗಿಲನ್ನೂ ತನ್ನ ಮುಖದಲ್ಲಿ ದಾಟಲಿಲ್ಲ. ಕಾವಲುಗಾರ, ಸುಂಕದವನು, ಮದುವೆಮನೆ ಅಡುಗೆಯವನು. ಕೊನೆಗೆ ನಾನು ಯಾವ ಪಾತ್ರ ತಂದರೂ ಉಳಿದ ಆಟಗಾರರು ಇದು ಅವಳೇ ಇರಬೇಕು ಅಂತ ಅನುಮಾನ ಪಡೋಕೆ ಶುರು ಮಾಡಿದರು. ಫೈರ್‌ಬಾಲ್‌ನಿಂದ ಇಂಥದ್ದು ಆಗುವುದಿಲ್ಲ.

2024ರ ಹೊಸ ಪುಸ್ತಕದಲ್ಲಿ ಎಲ್ಲ ಕ್ಲಾಸುಗಳಿಗೂ ಸಬ್‌ಕ್ಲಾಸ್, ಅಂದರೆ ಕ್ಲಾಸಿನ ಒಳಗಿನ ಬಗೆ, ಮೂರನೇ ಲೆವೆಲ್‌ಗೆ ಅಂತ ಸಮ ಮಾಡಿದ್ದಾರೆ. ಹೊಸಬರಿಗೆ ಕಲಿಯೋಕೆ ಸುಲಭ, ಒಪ್ಪುತ್ತೇನೆ. ಆದರೆ ಎರಡು ಲೆವೆಲ್‌ವರೆಗೆ ವಾರ್ಲಾಕ್ ಯಾರ ಜೊತೆ ಒಪ್ಪಂದ ಮಾಡಿಕೊಂಡ ಅನ್ನುವುದಕ್ಕೆ ನಿಯಮದಲ್ಲಿ ಜಾಗವೇ ಇಲ್ಲ. ಸಹಿ ಹಾಕಿದ್ದೇನೆ, ಸಾಲ ಕೊಟ್ಟವರು ಯಾರು ಅಂತ ಆಮೇಲೆ ನೋಡೋಣ ಅಂದ ಹಾಗಾಯಿತು.

ಆಯ್ಕೆ ಜಾಸ್ತಿ ಕೊಟ್ಟರೆ ವೈವಿಧ್ಯ ಬರುತ್ತದೆ ಅನ್ನುವ ನಂಬಿಕೆ ಇದೆಯಲ್ಲ, ನನಗೆ ಅದರ ಮೇಲೆ ಅನುಮಾನ. ನಮ್ಮ ಊರಿನ 99 ವೆರೈಟಿ ದೋಸೆ ಗಾಡಿ ಮುಂದೆ ನಿಂತಿದ್ದೀರಲ್ಲ, ಬೋರ್ಡ್ ಪೂರ್ತಿ ಓದುವಷ್ಟರಲ್ಲಿ ಹಸಿವು ಹೋಗುತ್ತದೆ, ಹಿಟ್ಟು ಒಂದೇ, ಕೊನೆಗೆ ಎಲ್ಲರೂ ತಿನ್ನುವುದು ಅದೇ ನಾಲ್ಕು. ಆಟದಲ್ಲೂ ಹೀಗೇ. ಪಟ್ಟಿ ದೊಡ್ಡದಾದಷ್ಟೂ ಅದರಲ್ಲಿ ಒಳ್ಳೆಯ ಹತ್ತು ಮಂತ್ರ ಯಾವುದು ಅಂತ ಯಾರೋ ಲೆಕ್ಕ ಹಾಕುತ್ತಾರೆ, ಆ ಹತ್ತು ಎಲ್ಲರ ಶೀಟ್‌ಗೂ ಬರುತ್ತವೆ.

ಇದರ ಉಲ್ಟಾ ಮಾಡಿದವರೂ ಇದ್ದಾರೆ. 3.5 ಆವೃತ್ತಿಯ ಕಾಲದಲ್ಲಿ ವಾರ್‌ಮೇಜ್, ಡ್ರೆಡ್ ನೆಕ್ರೋಮ್ಯಾನ್ಸರ್, ಬಿಗೈಲರ್ ಅಂತ ಕ್ಲಾಸುಗಳು ಬಂದವು. ಚಿಕ್ಕ ಪಟ್ಟಿ, ಆದರೆ ಪಟ್ಟಿಯಲ್ಲಿರುವುದೆಲ್ಲ ಗೊತ್ತು. ಬಿಗೈಲರ್ ಅಂದರೆ ಮೋಸಗಾರ, ಕಣ್ಕಟ್ಟು ಮತ್ತು ಮರುಳು ಮಾಡುವುದು ಅವನ ಕಸುಬು. ಬೆಂಕಿ ಎಸೆಯೋಕೆ ಬರುವುದೇ ಇಲ್ಲ. ಎದುರಿಗೆ ಮನಸ್ಸೇ ಇಲ್ಲದ ಅಸ್ಥಿಪಂಜರ ನಿಂತಾಗ ಅವನ ಮುಖ ನೋಡಬೇಕು, ಆದರೆ ಆ ಒದ್ದಾಟವೇ ಆಟ.

ಬೇರೆ ಇದ್ದರೆ ಸಾಕು ಅಂತಲೂ ಅಲ್ಲ. 2006ರಲ್ಲಿ ಟ್ರೂನೇಮರ್ ಅಂತ ಒಂದು ಕ್ಲಾಸ್ ಬಂತು. ಪ್ರತಿ ವಸ್ತುವಿಗೂ ಒಂದು ನಿಜವಾದ ಹೆಸರಿದೆ, ಅದನ್ನು ಉಚ್ಚರಿಸಿದರೆ ಅದು ನಿನ್ನ ಮಾತು ಕೇಳುತ್ತದೆ. ಕೇಳಿದರೇ ಮೈ ಜುಮ್ ಅನ್ನುತ್ತದೆ ಅಲ್ವಾ? ಲೆಕ್ಕ ಮಾತ್ರ ಕೈಕೊಟ್ಟಿತು. ಎದುರಾಳಿಯ ಮಟ್ಟ ಒಂದು ಏರಿದರೆ ಉಚ್ಚಾರದ ಕಷ್ಟ ಎರಡು ಏರುತ್ತದೆ, ನಿಮ್ಮ ಕೌಶಲ ಲೆವೆಲ್‌ಗೆ ಒಂದೇ ಏರುತ್ತದೆ. ಅಂದರೆ ಅನುಭವ ಬಂದಷ್ಟೂ ಕೆಲಸ ಕೆಡುತ್ತಾ ಹೋಗುತ್ತದೆ. ಇಷ್ಟು ಒಳ್ಳೇ ಕಲ್ಪನೆಯನ್ನು ಒಂದು ಸಾಲಿನ ಗುಣಾಕಾರ ಹಾಳು ಮಾಡಿತು. 2008ರ ನಾಲ್ಕನೇ ಆವೃತ್ತಿ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಅಲ್ಲಿ ಲೆಕ್ಕ ಅಚ್ಚುಕಟ್ಟಾಗಿತ್ತು, ಆದರೆ ಕತ್ತಿಯವನಿಗೂ ಮಂತ್ರದವನಿಗೂ ಒಂದೇ ಚೌಕಟ್ಟು, ಯಾವಾಗಲೂ ಬಳಸುವುದು, ಜಗಳಕ್ಕೊಮ್ಮೆ ಬಳಸುವುದು, ದಿನಕ್ಕೊಮ್ಮೆ ಬಳಸುವುದು. ಜನ ಬೇಸರ ಮಾಡಿಕೊಂಡದ್ದು ಸುಮ್ನೆ ಅಲ್ಲ.

ಡಿ ಅಂಡ್ ಡಿ ಬಿಟ್ಟು ಆಚೆ ಬಂದರೆ ಗಾಳಿ ಚೆನ್ನಾಗಿದೆ. 2009ರಲ್ಲಿ ಬಂದ ಪಾಥ್‌ಫೈಂಡರ್ ಅನ್ನುವ ಆಟಕ್ಕೆ ಮರುವರ್ಷ ಆರಾಕಲ್ ಎನ್ನುವ ಕ್ಲಾಸ್ ಸೇರಿತು. ದೈವ ಹಿಡಿದವರು ಅನ್ನಿ. ಶಕ್ತಿಯ ಜೊತೆ ಒಂದು ಶಾಪವನ್ನೂ ಆರಿಸಿಕೊಳ್ಳಲೇಬೇಕು. ಒಬ್ಬರಿಗೆ 30 ಅಡಿ ಆಚೆ ಕಣ್ಣು ಕಾಣುವುದಿಲ್ಲ, ಆದರೆ ಅದರೊಳಗೆ ಕತ್ತಲೆಯಲ್ಲೂ ಕಾಣುತ್ತದೆ. ಇನ್ನೊಬ್ಬರಿಗೆ ಕಾಲು ಕುಂಟು, ಆದರೆ ಲೆವೆಲ್ ಏರಿದ ಮೇಲೆ ದಣಿವೇ ಆಗುವುದಿಲ್ಲ. ನನಗೆ ಇಷ್ಟವಾದದ್ದು ನಾಲಗೆಯ ಶಾಪ. ಜಗಳ ಶುರುವಾದ ಕೂಡಲೇ ಅವರಿಗೆ ಒಂದೇ ಒಂದು ವಿಚಿತ್ರ ಭಾಷೆ ಬಿಟ್ಟು ಬೇರೇನೂ ಬಾಯಿಗೆ ಬರುವುದಿಲ್ಲ, ಬೇರೆ ಭಾಷೆ ಅರ್ಥವೂ ಆಗುವುದಿಲ್ಲ. ಬೆಂಗಳೂರಲ್ಲಿ ಆಟೋ ಮೀಟರ್ ಜಗಳ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅದೇ ವರ್ಷದ ವಿಚ್ ಕೂಡ ಚೆನ್ನಾಗಿದೆ, ಅವಳ ಮಂತ್ರಗಳೆಲ್ಲ ಸಾಕಿದ ಪ್ರಾಣಿಯೊಳಗೆ ಇರುತ್ತವೆ. ಬೆಕ್ಕಿಗೆ ಏನಾದರೂ ಆದರೆ ಗ್ರಂಥಾಲಯವೇ ಹೋಯಿತು. ಏಳು ಸಮುದ್ರದ ಆಚೆ ಗಿಳಿಯಲ್ಲಿ ಪ್ರಾಣ ಇಟ್ಟ ಮಾಂತ್ರಿಕನ ಕಥೆ ಕೇಳಿ ಬೆಳೆದ ನಮಗೆ ಈ ಎದೆಬಡಿತ ಗೊತ್ತಿರುವುದೇ.

1987ರ ಆರ್ಸ್ ಮ್ಯಾಜಿಕಾ ಅನ್ನುವ ಆಟದಲ್ಲಿ ಮಂತ್ರಗಾರರೇ ಮುಖ್ಯ ಪಾತ್ರಗಳು, ಕ್ಲಾಸ್ ಅನ್ನುವುದೇ ಇಲ್ಲ. ಐದು ಕ್ರಿಯೆ, ಹತ್ತು ವಸ್ತು. ಸೃಷ್ಟಿಸು, ತಿಳಿ, ಮಾರ್ಪಡಿಸು, ನಾಶ ಮಾಡು, ಹಿಡಿತದಲ್ಲಿಡು ಇವು ಕ್ರಿಯೆಗಳು. ಬೆಂಕಿ, ನೀರು, ಗಾಳಿ, ಮಣ್ಣು, ಮರಗಿಡ, ಪ್ರಾಣಿ, ಮೈ, ಮನಸ್ಸು, ರೂಪ, ಮಂತ್ರಶಕ್ತಿ ಇವು ವಸ್ತುಗಳು. ಒಂದು ಕ್ರಿಯೆ ಒಂದು ವಸ್ತು ಸೇರಿಸಿ ಮಂತ್ರ. ಬೆಂಕಿ ಹುಟ್ಟಿಸುವುದರಲ್ಲಿ ಪಳಗಿದವನೂ ಬೆಂಕಿ ಆರಿಸುವುದರಲ್ಲಿ ಪಳಗಿದವಳೂ ಇಬ್ಬರೂ ಬೆಂಕಿಯವರೇ, ಆದರೆ ಊರಿಗೆ ಬೆಂಕಿ ಬಿದ್ದಾಗ ಜನ ಯಾರ ಮನೆ ಬಾಗಿಲು ತಟ್ಟುತ್ತಾರೆ? ವ್ಯಾಕರಣ ಕೊಟ್ಟು ಪಟ್ಟಿ ಆಮೇಲೆ ಕೊಟ್ಟರು. ಕಲಿಯೋಕೆ ಕಷ್ಟ, ಒಪ್ಪಿದೆ. ಲೆಕ್ಕವೂ ಜಾಸ್ತಿ.

2012ರ ಡಂಜನ್ ಕ್ರಾಲ್ ಕ್ಲಾಸಿಕ್ಸ್ ಇನ್ನೊಂದು ದಾರಿ ಹಿಡಿಯಿತು. ಅಲ್ಲಿ ವಿಝಾರ್ಡ್ ಒಂದು ಮಂತ್ರ ಕಲಿತಾಗ ಶತಾಂಶದ ದಾಳ ಹಾಕುತ್ತಾನೆ, ಈ ಮಂತ್ರ ನಿನ್ನ ಕೈಯಲ್ಲಿ ಹೇಗೆ ವಿಚಿತ್ರವಾಗಿ ನಡೆಯುತ್ತದೆ ಅಂತ ಒಂದು ಕೋಷ್ಟಕ ಹೇಳುತ್ತದೆ. ಒಂದೊಂದು ಮಂತ್ರಕ್ಕೂ ಬೇರೆ ದಾಳ. ಆ ಕೋಷ್ಟಕದ ಕೆಟ್ಟ ತುದಿಯಲ್ಲಿ, ನೀನು ಈ ಮಂತ್ರ ಹಾಕಿದಾಗೆಲ್ಲ ನಿನಗೆ ಪರಿಚಯದವರೊಬ್ಬರು ಸಾಯುತ್ತಾರೆ ಅನ್ನುವ ಸಾಲಿದೆ. ಅದು ನಿಮ್ಮ ಮೊದಲ ಮಂತ್ರಕ್ಕೇ ಬಿತ್ತು ಅಂದುಕೊಳ್ಳಿ. ಹಿನ್ನೆಲೆ ಕಥೆ ನಾಲ್ಕು ಪುಟ ಬರೆಯಬೇಕಾ? ದಾಳ ಬಿದ್ದ ಕ್ಷಣದಲ್ಲೇ ಪಾತ್ರ ಎದ್ದು ನಿಲ್ಲುತ್ತದೆ. ಅವನು ಯಾರ ಹೆಸರನ್ನೂ ಕೇಳೋಕೆ ಹೋಗುವುದಿಲ್ಲ, ಯಾಕೆ ಅಂದರೆ ಕೇಳಿದರೆ ಪರಿಚಯವಾಗಿಬಿಡುತ್ತದೆ. ಅದೇ ಆಟದಲ್ಲಿ ಮೈಯ ಬಲ ಸುಟ್ಟು ಮಂತ್ರಕ್ಕೆ ಬಲ ತುಂಬಬಹುದು, ಕಸುವು, ಚುರುಕು, ತಾಳಿಕೆ ಇವುಗಳ ಅಂಕ ಕಳೆದುಕೊಂಡು. ಬೆಲೆ ಶೀಟ್ ಮೇಲೆ ಕಾಣುತ್ತದೆ.

ಈಗ ಒಪ್ಪದವರ ಹತ್ತಿರ ಬರುತ್ತೇನೆ. ನಿಯಮ ಯಾಕೆ, ಆಡುವವರು ಚೆನ್ನಾಗಿ ಆಡಿದರೆ ಎಲ್ಲ ಪಾತ್ರವೂ ಬೇರೆಯಾಗುತ್ತದೆ ಅಂತ ನಿಮ್ಮ ವಾದ. ಅರ್ಧ ನಿಜ. ಚೆನ್ನಾಗಿ ಆಡುವವರು ಖಾಲಿ ಕಾಗದ ಹಿಡಿದೂ ಆಡುತ್ತಾರೆ. ಆದರೆ ಹೊಸಬರು, ನಾಚಿಕೆ ಸ್ವಭಾವದವರು, ಆಫೀಸ್ ಮುಗಿಸಿ ಸಿಲ್ಕ್ ಬೋರ್ಡ್ ದಾಟಿ ಅರೆಜೀವವಾಗಿ ಬಂದವರು, ಇವರಿಗೆ ನಿಯಮ ಕೈ ಹಿಡಿಯಬೇಕು. ಒಂದು ಉದಾಹರಣೆ ಹೇಳುತ್ತೇನೆ.

ನಮ್ಮ ಟೇಬಲ್‌ಗೆ ಒಬ್ಬ ಹುಡುಗ ಬಂದ. ಮಾತು ಕಡಿಮೆ. ಅವನಿಗೆ ಬುಡಬುಡಿಕೆಯವನ ಪಾತ್ರ ಬೇಕಿತ್ತು. ಬೆಳಗಿನ ಜಾವ ಕೈಯಲ್ಲಿ ಪುಟ್ಟ ಬುಡಬುಡಿಕೆ ಆಡಿಸುತ್ತಾ, ಹಾಲಕ್ಕಿ ನುಡೀತೈತೆ ಅಂತ ಮನೆ ಮುಂದೆ ನಿಂತು ಶಕುನ ಹೇಳುತ್ತಾರಲ್ಲ, ಅವರು. ಹೊಸ ಕ್ಲಾಸ್ ಬರೆಯಬೇಕಾ ಅಂತ ನೋಡಿದರೆ ಬೇಕಾಗಲೇ ಇಲ್ಲ. ಐದನೇ ಆವೃತ್ತಿಯ ಡಿವಿನೇಷನ್ ವಿಝಾರ್ಡ್, ಅಂದರೆ ಭವಿಷ್ಯ ನೋಡುವ ವಿಝಾರ್ಡ್‌ಗೆ ಪೋರ್ಟೆಂಟ್ ಅಂತ ಒಂದು ಶಕ್ತಿ ಇದೆ. ರಾತ್ರಿ ಮಲಗಿ ಎದ್ದ ಮೇಲೆ 20 ಮುಖದ ದಾಳ ಎರಡು ಸಲ ಹಾಕಿ, ಬಿದ್ದ ಅಂಕ ಬರೆದಿಟ್ಟುಕೊಳ್ಳಬೇಕು. ಆ ದಿನ ಯಾರೇ ದಾಳ ಹಾಕುವ ಮೊದಲು, ತನ್ನದಿರಲಿ ಶತ್ರುವಿನದಿರಲಿ, ಬೇಡ ಈ ಅಂಕ ತಗೋ ಅಂತ ಬದಲಾಯಿಸಬಹುದು. ಬೆಳಗಿನ ಜಾವ ಶಕುನ, ಅದು ಫಲಿಸುವುದು ದಿನದಲ್ಲಿ. ಪುಸ್ತಕದ ಫೆಮಿಲಿಯರ್ ಪಟ್ಟಿಯಲ್ಲಿ ಗೂಬೆಯೂ ಇದೆ, ಅದು ಹಾಲಕ್ಕಿ ಆಯಿತು.

ನಾವು ಸೇರಿಸಿದ್ದು ಒಂದೇ ಕಟ್ಟು. ಅಂಕ ಬರೆದುಕೊಳ್ಳುವಾಗ ಅದನ್ನು ಯಾರಿಗೂ ತೋರಿಸಬಾರದು, ಬದಲಿಗೆ ಒಂದು ಸಾಲು ಶಕುನ ಜೋರಾಗಿ ಹೇಳಬೇಕು. ಅಂಕ ಬಳಸುವಾಗ ಆ ಸಾಲಿಗೆ ಹೊಂದುವ ಹಾಗೆ ಬಳಸಬೇಕು, ಹೊಂದದಿದ್ದರೆ ಆ ಅಂಕ ವ್ಯರ್ಥ. ಒಂದು ದಿನ ಅವನಿಗೆ 2 ಬಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು ‘ಎತ್ತರದಲ್ಲಿ ಕೂತವನಿಗೆ ಇವತ್ತು ನೆಲ ಕಾಣ್ತೈತೆ’ ಅಂದ. ಎಲ್ಲರೂ ಇಡೀ ಸಂಜೆ ಎತ್ತರದ ಜಾಗ ಕಂಡರೆ ದೂರ ನಿಂತರು. ಕೊನೆಗೆ ಗೋಡೆ ಮೇಲಿದ್ದ ಬಿಲ್ಲುಗಾರ ಜಾರದಿರೋಕೆ ದಾಳ ಹಾಕಬೇಕಾಗಿ ಬಂದಾಗ, ನಾನು ಕೈಗೆತ್ತಿಕೊಳ್ಳುವ ಮೊದಲೇ ಆ ಹುಡುಗ 2 ಅಂತ ಬರೆದ ಚೀಟಿ ಮೇಜಿನ ಮೇಲಿಟ್ಟ. ಮಾತೇ ಆಡದವನಿಗೆ ನಿಯಮವೇ ಮಾತು ಕೊಟ್ಟಿತು. ಅವನು ಯಾವ ಯಾವ ಮಂತ್ರ ಬರೆದುಕೊಂಡಿದ್ದ ಅಂತ ನನಗೆ ಈಗ ನೆನಪೂ ಇಲ್ಲ.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಬರೆಯುತ್ತೇನೆ.

ಹಿಂದಿನ ಸಾಲಿನಿಂದ ಒಬ್ಬ ಹುಡುಗ, ‘ಅಕ್ಕಾ, ನಾನು ಸ್ವಂತ ಕ್ಲಾಸ್ ಬರೀತಿದ್ದೀನಿ, ಇಪ್ಪತ್ತು ಲೆವೆಲ್ಲೂ ಆಗಿದೆ, ಆದ್ರೆ ಯಾರಿಗೂ ಹಿಡಿಸ್ತಿಲ್ಲ’ ಅಂದ. ಇಪ್ಪತ್ತೂ ಬರೆಯಬೇಡಪ್ಪಾ, ಮೂರು ಬರಿ ಅಂದೆ. ಮೊದಲು ಅವನಿಗೆ ಏನು ಬರುವುದಿಲ್ಲ ಅಂತ ಬರಿ. ಆಮೇಲೆ ಅವನ ಶಕ್ತಿ ಯಾವಾಗ ಖಾಲಿಯಾಗುತ್ತದೆ, ತುಂಬಿಕೊಳ್ಳೋಕೆ ಏನು ಮಾಡಬೇಕು ಅಂತ ಬರಿ. ನಿದ್ದೆ ಮಾಡಿದರೆ ತುಂಬುತ್ತದೆ ಅನ್ನುವುದು ಸೋಮಾರಿ ಉತ್ತರ, ಬೇರೆ ಏನಾದರೂ ಹುಡುಕು. ಕೆರೆ ನೀರಿಗೆ ಇಳಿಯಬೇಕಾ, ಯಾರಿಗಾದರೂ ಸುಳ್ಳು ಹೇಳಬೇಕಾ? ಪಾರ್ಟಿಯ ಉಳಿದವರು ಅದಕ್ಕಾಗಿ ದಾರಿ ಬದಲಿಸುವ ಹಾಗಿದ್ದರೆ ಕ್ಲಾಸ್ ಜೀವಂತ ಇದೆ ಅಂತ ಅರ್ಥ. ಮಂತ್ರಗಳನ್ನು ಕೊನೆಗೆ ಹಾಕು, ಅವನ್ನೂ ಇರುವ ಪುಸ್ತಕದಿಂದಲೇ ತಗೋ. ಐದನೇ ಆವೃತ್ತಿಯ ಮೂಲ ನಿಯಮಗಳನ್ನು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಅನ್ನುವ ಮುಕ್ತ ಪರವಾನಗಿಗೆ ಬಿಟ್ಟಿದ್ದಾರೆ, ಮೂಲದ ಹೆಸರು ಹೇಳಿ ಧೈರ್ಯವಾಗಿ ಅದರ ಮೇಲೆ ಕಟ್ಟಬಹುದು.

ಇನ್ನೊಬ್ಬರು ಕೇಳಿದ್ದು, ನಮ್ಮ ಪಾರ್ಟಿಯಲ್ಲಿ ಇಬ್ಬರೂ ವಿಝಾರ್ಡ್, ಇಬ್ಬರೂ ಬಿಟ್ಟುಕೊಡ್ತಿಲ್ಲ, ಏನು ಮಾಡೋದು. ಬಿಟ್ಟುಕೊಡಬೇಕಾಗಿಲ್ಲ, ಇಬ್ಬರೂ ಇರಲಿ. ತೊಂದರೆ ಬರುವುದು ನಕಲಿನಿಂದ. ಒಬ್ಬರ ಪುಸ್ತಕದಿಂದ ಇನ್ನೊಬ್ಬರು ಬರೆದುಕೊಳ್ಳೋಕೆ ಮಂತ್ರದ ಒಂದೊಂದು ಲೆವೆಲ್‌ಗೆ 2 ಗಂಟೆ ಮತ್ತು 50 ಚಿನ್ನದ ನಾಣ್ಯ ಸಾಕು, ಕೌಂಟರ್‌ಸ್ಪೆಲ್‌ನಂಥ ಮೂರನೇ ಲೆವೆಲ್ ಮಂತ್ರಕ್ಕೆ 6 ಗಂಟೆ, 150 ನಾಣ್ಯ. ಒಂದೆರಡು ಖಜಾನೆ ಸಿಕ್ಕರೆ ಎರಡೂ ಪುಸ್ತಕ ಒಂದೇ ಆಗಿಬಿಡುತ್ತವೆ. ಅದಕ್ಕೇ ಮೊದಲ ದಿನವೇ ಇಬ್ಬರನ್ನೂ ಕೂರಿಸಿ, ಒಬ್ಬೊಬ್ಬರು ಎರಡು ಸ್ಕೂಲ್ ಆರಿಸಿಕೊಂಡು, ಅವುಗಳ ಮಂತ್ರ ಇನ್ನೊಬ್ಬರಿಗೆ ಕೊಡುವುದಿಲ್ಲ ಅಂತ ಪಾತ್ರದ ಬಾಯಲ್ಲೇ ಹೇಳಿಸಿ. ಯಾಕೆ ಕೊಡುವುದಿಲ್ಲ ಅನ್ನುವುದಕ್ಕೆ ಅವರೇ ಕಾರಣ ಹುಡುಕಿಕೊಳ್ಳುತ್ತಾರೆ, ಜಗಳವಾಡುತ್ತಾರೆ, ಕದಿಯೋಕೂ ನೋಡುತ್ತಾರೆ. ಕದ್ದರೆ ದಾಳ ಹಾಕಿಸಿ.